ಕಾಣದ ಬೇಲಿ ಎಲ್ಲಿ ಕಡಿಯಿತು?

ಬೇಲಿ ಎಂದರೆ ಕಣ್ಣಿಗೆ ಕಾಣಬೇಕು; ಕಳ್ಳಿಯದೋ, ಮುಳ್ಳಿನದೋ, ಕಲ್ಲಿನದೋ. ನಮ್ಮ ಬರೋಡೆಯ ಮನೆಯ ಸುತ್ತ ಇರುವ ಬೇಲಿ ಮಾತ್ರ ಯಾರ ಕಣ್ಣಿಗೂ ಬೀಳದು. ಅದು ಮಣ್ಣಿನಲ್ಲಿ ಮೂರು ಅಂಗುಲ ಆಳಕ್ಕೆ ಹೂತ ಒಂದು ತಂತಿ. ಮುಂದಿನ ಗೋಡೆಯನ್ನು ಎತ್ತರಿಸಲು ಸೊಸೈಟಿಯವರು ಒಪ್ಪಲಿಲ್ಲ. ನಮ್ಮ ಮಾರುತಿಗೋ ಎದೆಮಟ್ಟದ ಗೋಡೆ ಹೊಸ್ತಿಲಿದ್ದಂತೆ. ಮಾರುತಿ ಮುಧೋಳ ನಾಯಿ. ಸರ್ಕಾರವು 2005ರಲ್ಲಿ ಅಂಚೆಚೀಟಿಯ ಮೇಲೆ ಏರಿಸಿದ ನಮ್ಮ ನಾಡಿನ ತಳಿ. ಓಡುವುದೇ ಅದರ ಹುಟ್ಟುಗುಣ. ಕೊನೆಗೆ ಅಮೆರಿಕದಲ್ಲಿರುವ ಮಗ ಈ ಸಾಮಾನು ತಂದ. ಅಲ್ಲಿ 1970ರ ದಶಕದಿಂದಲೂ ಇದು ಬಳಕೆಯಲ್ಲಿದೆಯಂತೆ.

ಮನೆಯೊಳಗೆ ಒಂದು ಪುಟ್ಟ ಪೆಟ್ಟಿಗೆ. ಅದರಿಂದ ಹೊರಟ ತಂತಿ ಅಂಗಳವನ್ನೆಲ್ಲ ಸುತ್ತಿ ಮತ್ತೆ ಅದಕ್ಕೇ ಬಂದು ಸೇರಬೇಕು. ತಂತಿಯಲ್ಲಿ ಸಣ್ಣ ರೇಡಿಯೋ ಸಂಕೇತ ಹರಿಯುತ್ತದೆ. ಕೊರಳಪಟ್ಟಿಯ ಯಂತ್ರ ತಂತಿಯ ಸಮೀಪಕ್ಕೆ ಬಂದರೆ ಮೊದಲು ಸದ್ದು ಮಾಡುತ್ತದೆ. ನಾಯಿ ಇನ್ನೂ ಮುಂದುವರಿದರೆ ಚುರ್ ಎನ್ನುವ ಏಟು. ಆ ಏಟನ್ನು ನಾನೇ ಅಂಗೈಗೆ ಮುಟ್ಟಿಸಿಕೊಂಡು ನೋಡಿದೆ. ಗಾಯವಾಗುವಂಥದಲ್ಲ, ಆದರೆ ಎರಡನೆಯ ಸಲ ಬೇಡವೆನ್ನಿಸಿತು. ವೇಲ್ಸ್ ದೇಶದಲ್ಲಿ 2010ರಿಂದ ಇಂಥ ಕೊರಳಪಟ್ಟಿಗೆ ನಿಷೇಧವಿದೆ. ಆದಕಾರಣ ನಾವು ಎರಡು ವಾರ ಗಡಿಯುದ್ದಕ್ಕೂ ಪುಟ್ಟ ಬಾವುಟ ನೆಟ್ಟು, ಹಗ್ಗ ಹಿಡಿದು ನಡೆಸಿ, ಸದ್ದಿಗೇ ಹಿಂದಿರುಗುವಂತೆ ಕಲಿಸಿದೆವು.

ಮೊದಲನೆಯ ಪೆಟ್ಟಿಗೆ ಒಂದೇ ಕ್ಷಣ ಬಾಳಿತು. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಅಡಾಪ್ಟರಿನ ಮೇಲೆ ಬರೆದುದನ್ನು ಓದದೆ ಸಿಕ್ಕಿಸಿದವನು ನಾನೇ. ದೂರಲು ಬೇರೆ ಯಾರೂ ಇಲ್ಲ.

ಎರಡನೆಯ ಪೆಟ್ಟಿಗೆ ಸೊಗಸಾಗಿ ನಡೆಯಿತು, ಒಂದು ಶ್ರಾವಣದವರೆಗೆ. ಅಂದು ಬೆಳಗ್ಗೆ ಕರಿಮೂತಿಯ ಮುಸುವಗಳ ಹಿಂಡು ಪೇರಲ ಗಿಡಕ್ಕೆ ಬಂತು. ಮಾರುತಿ ಅವುಗಳ ಬೆನ್ನುಹತ್ತಿ ಗೋಡೆ ಹಾರಿ ಹೋದವನು ಸಂಜೆಯವರೆಗೂ ಸಿಗಲಿಲ್ಲ. (ಮಾರುತಿ ಎಂದು ಹೆಸರಿಟ್ಟು ಕೋತಿಗಳನ್ನು ಓಡಿಸುತ್ತೀರಾ ಎಂದು ಬಾಜುಮನೆಯ ಕಾಕಿ ಮೊದಲಿನಿಂದಲೂ ನಗುತ್ತಿದ್ದರು, ಅಂದು ಅವರೂ ನಗಲಿಲ್ಲ.) ಮಳೆಯಲ್ಲಿ ಟ್ರಕ್ಕುಗಳ ರಸ್ತೆಯಲ್ಲಿ ಕೊಡೆ ಹಿಡಿದು ಅಲೆದ ಆ ಹಗಲನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ದೀಪ ಹಚ್ಚುವ ಹೊತ್ತಿಗೆ ತಾನಾಗಿಯೇ ಬಂದ. ಬೀದಿನಾಯಿಗಳು ಕಿವಿಯನ್ನು ಸೀಳಿದ್ದುವು.

ಆಮೇಲೆ ತಿಳಿಯಿತು: ಪೆಟ್ಟಿಗೆ ಮೂರು ದಿನದಿಂದ ಕೂಗುತ್ತಿತ್ತು. ಇನ್ವರ್ಟರ್ ಕೂಗುತ್ತಿದೆಯೆಂದು ನಾವು ಸುಮ್ಮನಿದ್ದೆವು.

ನಿಮ್ಮ ಮನೆಯಲ್ಲಿಯೂ ಹೀಗಾದರೆ ಮೊದಲು ಅಗೆಯಲು ಹೋಗಬೇಡಿ. ದೀಪವೇ ಇಲ್ಲದಿದ್ದರೆ ಕರೆಂಟು ಇಲ್ಲ. ಪೆಟ್ಟಿಗೆಯನ್ನು ಇನ್ವರ್ಟರಿನ ಸಾಲಿಗೆ ಸೇರಿಸುವುದು ಲೇಸು. ಕೂಗುತ್ತಿದ್ದರೆ ಸುತ್ತು ಎಲ್ಲಿಯೋ ಕಡಿದಿದೆ. ಪ್ಲಗ್ಗು ತೆಗೆದು ಅಂಗಳದ ಎರಡೂ ತುದಿಗಳನ್ನು ಬಿಚ್ಚಿ, ಆ ಜಾಗಕ್ಕೆ ನಾಲ್ಕಾರು ಗಜದ ತುಂಡು ತಂತಿಯೊಂದನ್ನು ಸಿಕ್ಕಿಸಿ ನೋಡಿ. ಕೂಗು ನಿಂತರೆ ಪೆಟ್ಟಿಗೆ ನಿರ್ದೋಷಿ. ಕೊರಳಪಟ್ಟಿಯನ್ನು ಆ ತುಂಡಿನ ಬಳಿ ಹಿಡಿದಾಗ ಅದು ಸದ್ದು ಮಾಡಿದರೆ ಅದೂ ನಿರ್ದೋಷಿ.

ಇನ್ನುಳಿದದ್ದು ಮಣ್ಣು. ಮಾಲಿ ಗುದ್ದಲಿ ಹಾಕಿದ ಕಡೆ, ಸ್ಕೂಟರು ಹಾಯುವ ಕಡೆ, ಮುಖ್ಯವಾಗಿ ಜೋಡಣೆಗಳಿರುವ ಕಡೆ ನೋಡಿ. ಸಿಗದಿದ್ದರೆ ಅರ್ಧ ಮಾಡುವ ಉಪಾಯವಿದೆ. ಬೇಲಿಯ ಅರ್ಧದಾರಿಯಲ್ಲಿ ತಂತಿಯನ್ನು ಕತ್ತರಿಸಿ. ಅಂಗಳದ ಒಂದು ತುದಿಯನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟು, ಇನ್ನೊಂದರ ಜಾಗಕ್ಕೆ ಹೊಸ ತಂತಿ ಸಿಕ್ಕಿಸಿ, ಅದನ್ನು ನೆಲದ ಮೇಲೆಯೇ ಎಳೆದೊಯ್ದು ಪೆಟ್ಟಿಗೆಗೆ ಹತ್ತಿಕೊಂಡಿರುವ ಅರ್ಧಕ್ಕೆ ಕೂಡಿಸಿ. ಕೂಗು ನಿಂತರೆ ಆ ಅರ್ಧ ನೆಟ್ಟಗಿದೆ, ಕೇಡು ಇನ್ನೊಂದರಲ್ಲಿ. ಆಮೇಲೆ ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗಿ. ನಮಗೆ ನಾಲ್ಕನೆಯ ಸಲಕ್ಕೆ ಸಿಕ್ಕಿತು: ನಾನೇ ಬರಿಯ ಟೇಪು ಸುತ್ತಿದ್ದ ಜೋಡಣೆ.

ಬರೋಡೆಯದು ಎರೆಮಣ್ಣು. ಮುಧೋಳದ ಕಡೆಯವರಿಗೆ ಇದರ ಸ್ವಭಾವ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ತಂತಿಯನ್ನು ಜಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬಿ ಒತ್ತುತ್ತದೆ. ಸೂರತ್ತಿನಲ್ಲಿಯೂ ಎರೆಯೇ, ಮೇಲೆ ಸಮುದ್ರದ ತೇವ ಬೇರೆ. ಅಹಮದಾಬಾದಿನ ಮರಳುಮಣ್ಣು ಹೀಗೆ ಜಗ್ಗುವುದಿಲ್ಲ. ನಮ್ಮಂಥವರು ತಂತಿಯನ್ನು ಬಿಗಿಯದೆ ಸ್ವಲ್ಪ ಸಡಿಲವಾಗಿಯೇ ಹಾಸಬೇಕು; ಜೋಡಣೆಗೆ ಬೆಸುಗೆ ಹಾಕಿ, ನೀರು ನುಗ್ಗದ ಗ್ರೀಸು ತುಂಬಿದ ಮುಚ್ಚಳದಲ್ಲಿ ಅಡಗಿಸಬೇಕು. ಪೆಟ್ಟಿಗೆಯಿಂದ ಅಂಗಳದ ಸುತ್ತಿನವರೆಗೆ ಬರುವ ಎರಡು ಎಳೆಗಳನ್ನು ಹಗ್ಗದಂತೆ ಹೊಸೆಯಿರಿ. ಆಗ ಒಂದರ ಸಂಕೇತವನ್ನು ಇನ್ನೊಂದು ಅಳಿಸುತ್ತದೆ, ನಾಯಿ ಅದನ್ನು ನಿರ್ಭಯವಾಗಿ ದಾಟಬಹುದು.

ತಂತಿ ನೆಟ್ಟಗಿದ್ದೂ ನಾಯಿ ದಾಟಿದರೆ ಕೊರಳಪಟ್ಟಿಯನ್ನು ನೋಡಿ. ಬ್ಯಾಟರಿ ಮುಗಿದಿರಬಹುದು, ಮೊಳೆಗಳಿಗೆ ಕಿಲುಬು ಹಿಡಿದಿರಬಹುದು. ಮುಧೋಳ ನಾಯಿಯ ತಲೆ ಕೊರಳಿಗಿಂತ ಅಷ್ಟೇನೂ ದಪ್ಪವಲ್ಲ. ಪಟ್ಟಿ ಸಡಿಲವಾದರೆ ಜಾರಿಯೇ ಹೋಗುತ್ತದೆ. ಹಾಗೆಂದು ಬಿಗಿದು ಹಗಲಿರುಳೂ ಬಿಟ್ಟರೆ ಹುಣ್ಣಾಗುತ್ತದೆ. ಮೊಳೆಗೂ ಚರ್ಮಕ್ಕೂ ನಡುವೆ ಒಂದು ಬೆರಳು ಹೋಗಬೇಕು, ರಾತ್ರಿ ಬಿಚ್ಚಿಡಬೇಕು.

ಇಷ್ಟಾದರೂ ಇದು ಅರ್ಧ ಬೇಲಿ. ಬೀದಿನಾಯಿಗೆ ಪಟ್ಟಿಯಿಲ್ಲ, ಅದು ಯಾವಾಗ ಬೇಕಾದರೂ ಒಳಗೆ ಬರಬಹುದು. ಪೂರಾ ವೇಗದಲ್ಲಿ ಓಡುವ ಬೇಟೆನಾಯಿಯನ್ನು ಒಂದು ಕ್ಷಣದ ಚುರುಕು ತಡೆದೀತೆಂಬ ಭರವಸೆಯೂ ಇಲ್ಲ. ಈಗ ನಮ್ಮ ಮನೆಯವರು ಹಾಲು ಕಾಸುವ ಮುನ್ನ ಪೆಟ್ಟಿಗೆಯ ದೀಪ ನೋಡುತ್ತಾರೆ. ಯಾರೂ ಅಂಗಳದಲ್ಲಿಲ್ಲದಾಗ ಮಾರುತಿ ಒಳಗೇ ಇರುತ್ತಾನೆ. ದುರಸ್ತಿಯಾದ ಮೇಲೆ ಬಾವುಟ ನೆಟ್ಟು ಮತ್ತೊಂದು ವಾರ ಪಾಠ ಹೇಳಿದೆವು. ಮುಸುವಗಳು ಇಂದಿಗೂ ಬರುತ್ತವೆ. ಅವನು ಗಡಿಯ ಈಚೆ ನಿಂತು ಬೊಗಳುತ್ತಾನೆ, ಅವು ಗೋಡೆಯ ಮೇಲೆ ಕುಳಿತು ನಮ್ಮ ಪೇರಲಹಣ್ಣು ತಿನ್ನುತ್ತವೆ.