ಅಚ್ಚಿನೊಳಗಣ ಎಣ್ಣೆ
ಮೋಟಾರು ವಾಹನದ ಡಿಫರೆನ್ಷಿಯಲ್ ಮತ್ತು ಅದರ ಆರೈಕೆ

ಬಳ್ಳಿಗಾವಿಯು ವಿದ್ಯೆಗೆ ಹೆಸರಾದ ನೆಲ. ಇಲ್ಲಿಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಅದನ್ನು ವ್ಯಾಕರಣ, ದರ್ಶನ, ಕಾವ್ಯ, ನಾಟಕಾದಿಗಳ ವ್ಯಾಖ್ಯಾನಸ್ಥಾನವೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನಾನಾಥರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುವ ತಾಣವೆಂದೂ ಕೊಂಡಾಡುತ್ತದೆ. ಶಾಸ್ತ್ರವನ್ನೂ ಲೋಕೋಪಯೋಗವನ್ನೂ ಒಂದೇ ಸೂರಿನಡಿಯಲ್ಲಿ ಇರಿಸಿಕೊಂಡಿದ್ದ ಊರಿನ ಶಾಲೆಯ ಸಂಚಿಕೆಯಲ್ಲಿ, ವ್ಯಾಕರಣ ಪಾಠ ಹೇಳುವವನು ಯಂತ್ರವೊಂದರ ವಿಚಾರವಾಗಿ ನಾಲ್ಕು ಮಾತು ಬರೆದರೆ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಇಂದು ನಮ್ಮ ಅಧ್ಯಾಪಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಹಲವರ ಮನೆಯಂಗಳದಲ್ಲಿ ಜೀಪೋ ಬೊಲೆರೊವೋ ನಿಂತಿರುತ್ತದೆ. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರನ್ನು ಇನ್ನೂ ಜೋಪಾನ ಮಾಡಿಕೊಂಡವರೂ ಉಂಟು. ಅಡಕೆಯ ಮೂಟೆಯನ್ನು ಮಂಡಿಗೆ ಮುಟ್ಟಿಸುವುದೂ, ಮಳೆಗಾಲದ ನಡುರಾತ್ರಿಯಲ್ಲಿ ರೋಗಿಯನ್ನು ಶಿಕಾರಿಪುರಕ್ಕೋ ಶಿವಮೊಗ್ಗಕ್ಕೋ ಒಯ್ಯುವುದೂ ಇವುಗಳಿಂದಲೇ ಆಗಬೇಕು. ಎಂಜಿನ್ನಿನ ಎಣ್ಣೆಯನ್ನು ಎಲ್ಲರೂ ನೆನೆಯುತ್ತಾರೆ; ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿರುವ ಕಬ್ಬಿಣದ ಗೂಡಿನೊಳಗೆ ಬೇರೊಂದು ಎಣ್ಣೆ ಇದೆಯೆಂಬುದನ್ನು ಮಾತ್ರ ಮರೆಯುತ್ತಾರೆ. ಅದು ಬತ್ತಿದರೆ ಅಥವಾ ಕೆಟ್ಟರೆ ಎಂಜಿನ್ನು ಎಷ್ಟೇ ಸಮರ್ಥವಾಗಿದ್ದರೂ ಗಾಲಿ ತಿರುಗದು.

೧. ಬಂಡಿಯ ಅಚ್ಚು, ಮೋಟಾರಿನ ಅಚ್ಚು

ಸಂಸ್ಕೃತದ 'ಸ್ನೇಹ'ಶಬ್ದಕ್ಕೆ ಪ್ರೀತಿಯೆಂಬ ಅರ್ಥವಿರುವಂತೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಎರಡು ವಸ್ತುಗಳು ಒಂದನ್ನೊಂದು ಸವೆಸದಂತೆ ನಡುವೆ ನಿಲ್ಲುವುದೇ ಸ್ನೇಹ. ಚರಕಸಂಹಿತೆಯು ಅಭ್ಯಂಗದ ಫಲವನ್ನು ಹೇಳುವಾಗ ಎಣ್ಣೆಯುಂಡ ಬಂಡಿಯಚ್ಚನ್ನೇ ದೃಷ್ಟಾಂತವಾಗಿ ಕೊಡುತ್ತದೆ. ನಮ್ಮ ಹಿರಿಯರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಕೊಳವೆಯಲ್ಲಿ ತುಂಬಿ, ಬಂಡಿಗೆ ತೂಗುಹಾಕಿಕೊಂಡೇ ದಾರಿ ಹಿಡಿಯುತ್ತಿದ್ದರು. ಗಾಲಿ ಕಿರುಗುಟ್ಟಿದೊಡನೆ ಕಡಾಣಿ ಕಿತ್ತು ಎಣ್ಣೆ ಬಳಿಯುತ್ತಿದ್ದರು.

ಎತ್ತಿನ ಬಂಡಿಯಲ್ಲಿ ಅಚ್ಚು ನಿಶ್ಚಲ. ಎರಡು ಗಾಲಿಗಳೂ ಸ್ವತಂತ್ರ. ಬಂಡಿಯು ಒಂದು ದೇವಾಲಯಕ್ಕೆ ಸುತ್ತು ಬಂದಿತೆನ್ನೋಣ. ಗಾಲಿಗಳ ನಡುವಿನ ಅಂತರ ೧.೪ ಮೀಟರ್ ಇದ್ದರೆ ಹೊರಗಾಲಿಯು ಒಳಗಾಲಿಗಿಂತ ಸುಮಾರು ೮.೮ ಮೀಟರ್ ಹೆಚ್ಚು ಉರುಳುತ್ತದೆ. ದೇವಾಲಯ ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಬದಲಾಗದು. ಬಂಡಿಯ ಗಾಲಿಗಳು ತಮ್ಮ ಪಾಡಿಗೆ ತಾವು ಉರುಳುವುದರಿಂದ ಅಲ್ಲಿ ತೊಡಕಿಲ್ಲ. ಮೋಟಾರಿನಲ್ಲಿ ಹಾಗಲ್ಲ, ಎಂಜಿನ್ನಿನ ಬಲವು ಎರಡು ಗಾಲಿಗಳಿಗೂ ಸಲ್ಲಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲವನ್ನು ಉಜ್ಜುತ್ತದೆ, ಇಲ್ಲವೇ ಸರಳು ಮುರಿಯುತ್ತದೆ. ಬಲವನ್ನು ಇಬ್ಬರಿಗೂ ಹಂಚಬೇಕು, ವೇಗದಲ್ಲಿ ಇಬ್ಬರಿಗೂ ಸ್ವಾತಂತ್ರ್ಯವಿರಬೇಕು. ಈ ಎರಡನ್ನೂ ಸಾಧಿಸುವ ಸಾಧನವೇ ಡಿಫರೆನ್ಷಿಯಲ್. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪೆಕ್ಯೂರ್ ಎಂಬ ಫ್ರಾನ್ಸಿನ ಯಂತ್ರಶಿಲ್ಪಿ ಇದನ್ನು ಹಬೆಯ ಬಂಡಿಗೆ ಅಳವಡಿಸಿದನು.

೨. ನೊಗದ ದೃಷ್ಟಾಂತ

ಇದರ ಮರ್ಮವನ್ನು ತಿಳಿಯಲು ಉಳುಮೆಯ ನೊಗವನ್ನು ನೋಡಿದರೆ ಸಾಕು. ನೊಗದ ನಡುವಿಗೆ ಮಿಣಿಯಿಂದ ನೇಗಿಲಿನ ಈಚನ್ನು ಕಟ್ಟಿರುತ್ತಾರೆ. ಬಲದೆತ್ತು ಒಂದು ಹೆಜ್ಜೆ ಮುಂದಾಗಿ ಎಡದೆತ್ತು ಹಿಂದಾದರೆ ನೊಗ ವಾಲುತ್ತದೆ. ಆದರೆ ಅದರ ನಡುವು ಇಬ್ಬರ ನಡಿಗೆಯ ಸರಾಸರಿಯಲ್ಲಿಯೇ ಸಾಗುತ್ತದೆ, ಎರಡು ತುದಿಗಳ ಮೇಲೂ ಭಾರ ಸಮನಾಗಿಯೇ ಇರುತ್ತದೆ. ಡಿಫರೆನ್ಷಿಯಲ್ಲಿನೊಳಗೆ ಎರಡು ಅಚ್ಚುಗಳ ತುದಿಯ ಹಲ್ಲುಗಾಲಿಗಳ ನಡುವೆ ಕಚ್ಚಿಕೊಂಡಿರುವ ಪುಟ್ಟ ಹಲ್ಲುಗಾಲಿಗಳೇ ಈ ನೊಗ. ನೇರ ದಾರಿಯಲ್ಲಿ ಅವು ತಮ್ಮ ಮೇಲೆ ತಾವು ತಿರುಗುವುದಿಲ್ಲ. ತಿರುವಿನಲ್ಲಿ ಮಾತ್ರ ತಿರುಗಿ, ಒಂದು ಗಾಲಿಯಿಂದ ಕಳೆದ ವೇಗವನ್ನು ಇನ್ನೊಂದಕ್ಕೆ ಕೂಡಿಸುತ್ತವೆ.

ನೊಗದ ಗುಣದಂತೆ ದೋಷವೂ ಇಲ್ಲಿ ಉಂಟು. ಒಂದೆತ್ತು ಹೆಗಲು ಕೊಡದಿದ್ದರೆ ಇನ್ನೊಂದರ ಬಲ ವ್ಯರ್ಥ. ಒಂದು ಗಾಲಿ ಕೆಸರಿನಲ್ಲಿ ಹೂತು ಗಿರ್ರನೆ ಸುತ್ತುವಾಗ ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನೆ ನಿಂತಿರುವುದು ಇದರಿಂದಲೇ. ಆಗ ಆ ಪುಟ್ಟ ಹಲ್ಲುಗಾಲಿಗಳು ಅತಿವೇಗದಲ್ಲಿ ತಿರುಗಿ ಕಾದು, ತಮ್ಮ ಮೇಲಿನ ಎಣ್ಣೆಯ ಪದರವನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಕೆಸರಿನಲ್ಲಿ ಸಿಕ್ಕ ವಾಹನದ ಆಕ್ಸಿಲರೇಟರನ್ನು ತುಳಿಯುತ್ತಲೇ ಇರುವುದು ಸಲ್ಲದು. ಗಾಲಿಯಡಿಗೆ ಸೊಪ್ಪು, ಕಲ್ಲು ಕೊಡುವುದೇ ಮೇಲು.

೩. ಎಣ್ಣೆಯ ಜಾತಿ ಮತ್ತು ಕೆಡುವ ಬಗೆ

ಎಂಜಿನ್ನಿನಿಂದ ಬರುವ ಉದ್ದದ ಷಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯೂ, ಅದು ತಿರುಗಿಸುವ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯೂ ಇರುತ್ತವೆ. ಪಿನಿಯನ್ ನಾಲ್ಕೈದು ಸುತ್ತು ಬಂದರೆ ಕ್ರೌನ್ ಒಂದು ಸುತ್ತು ಬರುತ್ತದೆ. ಹೈಪಾಯ್ಡ್ ಎಂಬ ರಚನೆಯಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗಿರುವುದರಿಂದ, ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಜಾರುತ್ತಲೂ ಉಜ್ಜುತ್ತವೆ. ಈ ಒತ್ತಡಕ್ಕೆ ಸಾಮಾನ್ಯ ಎಣ್ಣೆ ನಿಲ್ಲದು. ಹಿಂದೆ ಇಂಥ ಎಣ್ಣೆಗಳಿಗೆ ಗಂಧಕದಿಂದ ಸಂಸ್ಕರಿಸಿದ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ೧೯೭೦ರಲ್ಲಿ ಅಮೆರಿಕವು ಆ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ತರುವಾಯ ಆ ಪದ್ಧತಿ ನಿಂತು, ಬೇರೆ ಗಂಧಕ ಹಾಗೂ ರಂಜಕದ ಸಂಯುಕ್ತಗಳು ಅದರ ಸ್ಥಾನಕ್ಕೆ ಬಂದವು. ಗೇರ್ ಎಣ್ಣೆಗೆ ಮೂಗು ಹಿಡಿಯುವಂಥ ವಾಸನೆ ಇರುವುದು ಈ ಗಂಧಕದಿಂದ. ಅಂಗಡಿಯಲ್ಲಿ 'ಇ.ಪಿ. ೯೦' ಎಂದು ಕೇಳುವುದು ಈ ವರ್ಗದ ಎಣ್ಣೆಯನ್ನೇ. ಯಾವ ದರ್ಜೆಯದು ಬೇಕೆಂಬುದಕ್ಕೆ ವಾಹನದ ಕೈಪಿಡಿಯೇ ಪ್ರಮಾಣ.

ಎಣ್ಣೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಶತ್ರು ನೀರು. ಕುಮುದ್ವತಿ, ದಂಡಾವತಿ, ವರದೆಯರು ತುಂಬಿ ಹರಿಯುವ ದಿನಗಳಲ್ಲಿ ವಾಹನವು ಹಳ್ಳದ ನೀರಿಗಿಳಿಯುತ್ತದೆ. ಓಡಿ ಓಡಿ ಬಿಸಿಯಾಗಿದ್ದ ಅಚ್ಚಿನ ಗೂಡು ತಣ್ಣೀರಿನಲ್ಲಿ ಥಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗಂಡಿಯ ಮೂಲಕವೋ ಸವೆದ ಸೀಲಿನ ಮೂಲಕವೋ ನೀರನ್ನು ಒಳಕ್ಕೆ ಹೀರುತ್ತದೆ. ನೀರು ಬೆರೆತ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದು ಹಲ್ಲನ್ನು ಕಾಯದು, ತುಕ್ಕನ್ನು ತರುತ್ತದೆ. ಬಯಲುಸೀಮೆಯಲ್ಲಿ ಮೂವತ್ತು ನಲವತ್ತು ಸಾವಿರ ಕಿಲೋಮೀಟರಿನವರೆಗೆ ಬಾಳುವ ಎಣ್ಣೆಯನ್ನು, ಅಚ್ಚು ಮುಳುಗುವಷ್ಟು ನೀರಿನಲ್ಲಿ ವಾಹನ ನಿಂತಿದ್ದರೆ ತಡಮಾಡದೆ ಪರೀಕ್ಷಿಸಬೇಕು.

೪. ಬದಲಿಸುವ ಕ್ರಮ

ಮೊದಲು ನಮ್ಮ ವಾಹನ ಯಾವ ಜಾತಿಯದೆಂದು ತಿಳಿಯಬೇಕು. ಮುಂಗಾಲಿಗಳಿಗೆ ಬಲ ಕೊಡುವ ಮಾರುತಿ ೮೦೦ರಂಥ ಕಾರುಗಳಲ್ಲಿ ಡಿಫರೆನ್ಷಿಯಲ್ಲು ಗೇರುಪೆಟ್ಟಿಗೆಯೊಳಗೇ ಅಡಗಿದ್ದು ಎರಡಕ್ಕೂ ಒಂದೇ ಎಣ್ಣೆ. ಅಂಬಾಸಡರ್, ಜೀಪು, ಬೊಲೆರೊಗಳಲ್ಲಿ ಅದು ಹಿಂದಿನ ಅಚ್ಚಿನಲ್ಲಿದೆ. ನಾಲ್ಕು ಗಾಲಿಗೂ ಬಲವಿರುವ ಜೀಪಿನಲ್ಲಿ ಮುಂದಿನ ಅಚ್ಚಿನಲ್ಲಿಯೂ ಒಂದಿರುತ್ತದೆ.

ಎಂಟು ಹತ್ತು ಕಿಲೋಮೀಟರ್ ಓಡಿಸಿ ತಂದರೆ ಎಣ್ಣೆ ಬೆಚ್ಚಗಾಗಿ ಸರಾಗವಾಗಿ ಇಳಿಯುತ್ತದೆ. ವಾಹನವನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಹಿಂದೆ ಮುಂದೆ ದಿಂಡು ಕೊಡಬೇಕು. ಜೀಪಿನಂತೆ ಎತ್ತರವಾದ ವಾಹನವನ್ನು ಎತ್ತಬೇಕಾಗಿಯೇ ಇಲ್ಲ. ಎತ್ತಲೇಬೇಕಾದರೆ ಕೇವಲ ಜಾಕಿಯನ್ನು ನಂಬಿ ಯಾರೂ ಅಡಿಗೆ ನುಸುಳಬಾರದು; ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ವಾಹನದ ಭಾರ ಕುಳಿತಿರಬೇಕು. ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುವ ಜಂಬಿಟ್ಟಿಗೆಯನ್ನು ಪೇರಿಸುವ ಅಭ್ಯಾಸವುಂಟು. ಅದು ಗೋಡೆಗೆ ಯೋಗ್ಯ, ಇದಕ್ಕಲ್ಲ, ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಎಣ್ಣೆ ತಡವಾದರೆ ಯಂತ್ರ ಕೆಟ್ಟೀತು. ಇಲ್ಲಿ ಎಚ್ಚರ ತಪ್ಪಿದರೆ ಪ್ರಾಣವೇ ಹೋದೀತು.

ಗೂಡಿನ ಹಿಂಬದಿಯಲ್ಲೋ ಪಕ್ಕದಲ್ಲೋ ನಡುಮಟ್ಟದ ಬಳಿ ತುಂಬುವ ಪ್ಲಗ್ಗೂ, ತಳದಲ್ಲಿ ಇಳಿಸುವ ಪ್ಲಗ್ಗೂ ಇರುತ್ತವೆ. ಕೆಲವು ಜೀಪುಗಳಲ್ಲಿ ತಳದ ಪ್ಲಗ್ಗಿಲ್ಲದೆ ಹಿಂದಿನ ಮುಚ್ಚಳವನ್ನೇ ಬಿಚ್ಚಬೇಕಾಗುತ್ತದೆ. ಸುತ್ತಣ ಮಣ್ಣನ್ನು ಒರೆಸಿದ ಮೇಲೆ ಮೊದಲು ತುಂಬುವ ಪ್ಲಗ್ಗನ್ನೇ ಸಡಿಲಿಸಬೇಕು. ಈ ಕ್ರಮ ಎಂದಿಗೂ ತಪ್ಪಬಾರದು. ಕೆಳಗಿನದನ್ನು ಬಿಚ್ಚಿ ಇದ್ದ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದೆಹೋದರೆ ವಾಹನ ಅಂಗಳದಲ್ಲಿಯೇ ಉಳಿಯುತ್ತದೆ. ಮೇಲಿನದು ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ಹಳೆಯ ಎಣ್ಣೆಯೊಡನೆಯೇ ವರ್ಕ್‌ಷಾಪಿಗೆ ಒಯ್ಯುವುದು ವಿವೇಕ.

ಬಳಿಕ ಅಗಲವಾದ ಪಾತ್ರೆಯನ್ನಿಟ್ಟು ಕೆಳಗಿನ ಪ್ಲಗ್ಗನ್ನು ಬಿಚ್ಚಿ, ಹನಿ ನಿಲ್ಲುವವರೆಗೆ ಕಾಲು ಗಂಟೆ ಬಿಡಬೇಕು. ಇಳಿದ ಎಣ್ಣೆಯನ್ನು ವೈದ್ಯನು ನಾಡಿಯನ್ನು ನೋಡುವಂತೆ ನೋಡಬೇಕು. ಕಪ್ಪಾಗಿದ್ದರೆ ವಯಸ್ಸಿನ ಲಕ್ಷಣ; ಹಾಲುಬಣ್ಣವಿದ್ದರೆ ನೀರು ಸೇರಿದೆ; ಬೆರಳಿಗೆ ನುಣ್ಣನೆಯ ಬೂದುಬಣ್ಣದ ಪುಡಿ ಅಂಟಿದರೆ ಸಹಜವಾದ ಸವೆತ; ಹರಳಿನಂಥ ಲೋಹದ ಚೂರು ಸಿಕ್ಕರೆ ಹಲ್ಲು ಮುರಿದಿದೆಯೆಂದೇ ತಿಳಿದು ಬಲ್ಲವರಿಗೆ ತೋರಿಸಬೇಕು. ಸೀಮೆಎಣ್ಣೆ ಹಾಕಿ ತೊಳೆಯುವುದು ಬೇಡ; ಒಳಗುಳಿದದ್ದು ಹೊಸ ಎಣ್ಣೆಯನ್ನು ತೆಳುಗೊಳಿಸುತ್ತದೆ.

ಕೆಳಗಿನ ಪ್ಲಗ್ಗಿಗೆ ಹೊಸ ವಾಷರು ಹಾಕಿ, ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಸ್ಪ್ಯಾನರಿನಿಂದ ಬಿಗಿಯಬೇಕು. ಕೈಪಂಪಿನಿಂದಲೋ ಕೊಳವೆ ಸೇರಿಸಿದ ಶೀಷೆಯಿಂದಲೋ ಮೇಲಿನ ರಂಧ್ರದಲ್ಲಿ ಹೊಸ ಎಣ್ಣೆ ತುಂಬಬೇಕು. ಅಂಬಾಸಡರಿಗೆ ಸುಮಾರು ಒಂದೂಕಾಲು ಲೀಟರ್ ಹಿಡಿಸುತ್ತದೆ. ಆದರೆ ಅಳತೆಗಿಂತಲೂ ರಂಧ್ರವೇ ಪ್ರಮಾಣ: ಎಣ್ಣೆ ಅಂಚಿಗೆ ಬಂದು ಹೊರಗೆ ಜಿನುಗಿದಾಗ ನಿಲ್ಲಿಸಿ, ಜಿನುಗುವುದು ನಿಂತ ಮೇಲೆ ಮುಚ್ಚಬೇಕು. ಹೆಚ್ಚಾದರೆ ಕ್ಷೇಮವೆಂಬ ಭಾವನೆ ಇಲ್ಲಿ ಸಲ್ಲದು. ಹೆಚ್ಚಾದ ಎಣ್ಣೆ ಅಚ್ಚಿನುದ್ದಕ್ಕೂ ಹರಿದು, ಸೀಲನ್ನು ದಾಟಿ, ಬ್ರೇಕಿನ ಪಟ್ಟಿಗಳನ್ನು ನೆನೆಸಿದರೆ ಇಳಿಜಾರಿನಲ್ಲಿ ವಾಹನ ನಿಲ್ಲದು. ಅಚ್ಚಿನ ಮೇಲಿರುವ ಉಸಿರುಗಂಡಿಯನ್ನೂ ಶುಚಿಮಾಡಿ, ಸ್ವಲ್ಪ ದೂರ ಓಡಿಸಿ ಬಂದು, ಸೋರಿಕೆಯಿದೆಯೇ ಎಂದು ಇನ್ನೊಮ್ಮೆ ನೋಡಿದರೆ ಕೆಲಸ ಮುಗಿಯಿತು.

೫. ತೆಗೆದ ಎಣ್ಣೆಯ ಗತಿ

ಇಷ್ಟಾದ ಮೇಲೆ ಪಾತ್ರೆಯಲ್ಲಿ ಉಳಿದ ಹಳೆಯ ಎಣ್ಣೆಯನ್ನು ಹಿತ್ತಲ ಚರಂಡಿಗೆ ಸುರಿದುಬಿಡುವುದು ಬಹುಮಂದಿಯ ರೂಢಿ. ಹಿತ್ತಲಿನ ನೀರು ಕಾಲುವೆಗೆ, ಕಾಲುವೆಯ ನೀರು ಕೆರೆಗೆ. ಬಳ್ಳಿಗಾವಿಯಂಥ ಕೆರೆಗಳ ಸೀಮೆಯಲ್ಲಿ ಗದ್ದೆಯೂ ತೋಟವೂ ದನಕರುಗಳೂ ಆ ನೀರನ್ನೇ ನೆಚ್ಚಿವೆ. ಬಳಸಿದ ಎಣ್ಣೆಯನ್ನು ೨೦೧೬ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿವೆ. ಅದನ್ನು ಬೇಲಿಯ ಗೂಟಕ್ಕೆ ಬಳಿಯುವುದೂ, ಎತ್ತಿನ ಹೆಗಲ ಹುಣ್ಣಿಗೆ ಸವರುವುದೂ, ಒಲೆಗೆ ಹಾಕುವುದೂ ತರವಲ್ಲ. ಡಬ್ಬಿಯಲ್ಲಿ ತುಂಬಿ ಭದ್ರವಾಗಿ ಮುಚ್ಚಿ, ಬಳಸಿದ ಎಣ್ಣೆಯನ್ನು ಮರುಶುದ್ಧಿಗೆ ಕಳುಹಿಸುವ ವರ್ಕ್‌ಷಾಪಿಗೆ ಒಪ್ಪಿಸಬೇಕು.

ತೆಲ್ಲಿಗ ಐವತ್ತೊಕ್ಕಲು ದೇವರ ನಂದಾದೀವಿಗೆಗೆ ಎಣ್ಣೆಯನ್ನು ಬಿಟ್ಟ ದತ್ತಿಗಳನ್ನು ಕನ್ನಡ ನಾಡಿನ ಶಾಸನಗಳಲ್ಲಿ ಕಾಣುತ್ತೇವೆ. ಬೆಳಗುವ ದೀಪದ ಎಣ್ಣೆಯನ್ನು ಲೋಕ ನೋಡುತ್ತದೆ. ಅಚ್ಚಿನೊಳಗಣ ಎಣ್ಣೆ ಕತ್ತಲೆಯಲ್ಲಿದ್ದು ಭಾರ ಹೊರುತ್ತದೆ. ವರ್ಷಕ್ಕೊಮ್ಮೆ, ಮುಂಗಾರು ಹಿಂದಾದ ಮೇಲೆ, ಆ ಪ್ಲಗ್ಗನ್ನು ತೆರೆದು ಬೆರಳಿನಿಂದ ಮುಟ್ಟಿ ನೋಡಲು ಅರ್ಧ ಗಂಟೆ ಸಾಕು. ವಾಹನವುಳ್ಳ ನಮ್ಮ ಬಂಧುಗಳು ಇಷ್ಟನ್ನು ತಪ್ಪದೆ ನಡೆಸಿಕೊಂಡು ಬರಲೆಂದೂ, ಶಾಲೆಯ ಮಕ್ಕಳಿಗೂ ದೂರದಿಂದ ತೋರಿಸಿ ತಿಳಿಸಲೆಂದೂ ಆಶಿಸುತ್ತೇನೆ.