ಟ್ರೇಲರಿನ ಬಾಡಿಗೆ: ನ್ಯಾಯವಾದ ದರ ಯಾವುದು?

ಪ್ರತಿವರ್ಷ ಮೇ ತಿಂಗಳು ಕಾಲಿಟ್ಟಿತೆಂದರೆ ಪುಣೆಯ ಕನ್ನಡಿಗರ ಮನೆಗಳಲ್ಲಿ ವರ್ಗಾವಣೆಯ ಗಾಳಿ ಬೀಸತೊಡಗುತ್ತದೆ. ಯೆರವಡಾ, ಕಲ್ಯಾಣಿನಗರ, ವಿಮಾನನಗರಗಳ ಕಂಪ್ಯೂಟರ್ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ತರುಣರು ಬೆಂಗಳೂರಿಗೆ ಹೊರಡುತ್ತಾರೆ. ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಬ್ಯಾಂಕು, ವಿಮೆ, ರಕ್ಷಣಾ ಇಲಾಖೆಗಳಲ್ಲಿರುವ ನಮ್ಮಂಥವರಿಗಂತೂ ಗಂಟುಮೂಟೆ ಕಟ್ಟುವುದು ಹೊಸತಲ್ಲ. ಪಾತ್ರೆಪಗಡಗಳನ್ನು ಲಾರಿಗೆ ತುಂಬಿಸಿದ್ದಾಯಿತು, ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಕೈಸೇರಿತು. ಕೊನೆಗೆ ಉಳಿಯುವ ಪ್ರಶ್ನೆ ಬಾಗಿಲಲ್ಲಿ ನಿಂತ ಕಾರಿನದು. ಸುಮಾರು 850 ಕಿಲೋಮೀಟರ್ ದೂರವನ್ನು ಸಂಸಾರಸಮೇತ ತಾವೇ ಓಡಿಸಿಕೊಂಡು ಹೋಗುವ ಉತ್ಸಾಹ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಕಾರನ್ನು ಟ್ರೇಲರಿನಲ್ಲಿ ಕಳುಹಿಸುವುದು ಈಗ ರೂಢಿಗೆ ಬಂದಿದೆ.

ಇಲ್ಲಿ ಎದುರಾಗುವ ವಿಚಿತ್ರವೆಂದರೆ ದರದ್ದು. ಅದೇ ಕಾರು, ಅದೇ ಪುಣೆ, ಅದೇ ಬೆಂಗಳೂರು. ಆದರೂ ಒಬ್ಬ ದಲ್ಲಾಳಿ ನಾಲ್ಕೂವರೆ ಸಾವಿರವೆನ್ನುತ್ತಾನೆ, ಇನ್ನೊಬ್ಬ ಒಂಬತ್ತು, ಮತ್ತೊಬ್ಬ ಹದಿನಾಲ್ಕು. ಹೆಚ್ಚು ಹೇಳಿದವನು ಸುಲಿಗೆಕೋರ, ಕಡಿಮೆ ಹೇಳಿದವನು ಸಜ್ಜನ ಎಂದು ನಮ್ಮ ಗೃಹಸ್ಥರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಎಷ್ಟು ಸರಿ?

ಆಟೋರಿಕ್ಷಾಕ್ಕೆ ಮೀಟರುಂಟು, ಟ್ರೇಲರಿಗೆ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 67ನೆಯ ಕಲಮು ಸರಕು ಸಾಗಣೆಯ ದರದ ಬಗೆಗೂ ನಿರ್ದೇಶನ ನೀಡುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿದೆಯಾದರೂ, ಲಾರಿಯ ಬಾಡಿಗೆ ವ್ಯವಹಾರದಲ್ಲಿ ಪೇಟೆಯ ಮಾತೇ ನಡೆಯುತ್ತದೆ. ಆದರೆ ನ್ಯಾಯವಾದ ದರವನ್ನು ಲೆಕ್ಕಹಾಕುವ ಕ್ರಮವೊಂದು ಮಹಾರಾಷ್ಟ್ರಕ್ಕೆ ಅಪರಿಚಿತವೇನಲ್ಲ. ಆಟೋ, ಟ್ಯಾಕ್ಸಿಗಳ ದರ ನಿಗದಿಗೆ 2012ರಲ್ಲಿ ಹಕೀಮ್ ಸಮಿತಿ ಸೂತ್ರವೊಂದನ್ನು ಕೊಟ್ಟಿತ್ತು. ವಾಹನದ ಬೆಲೆ, ವಿಮೆ, ತೆರಿಗೆ, ದುರಸ್ತಿ, ಇಂಧನ, ಇವುಗಳ ಜೊತೆಗೆ ಚಾಲಕನ ಜೀವನವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಅದರ ಸಾರ. ನನ್ನಂಥ ವಾಣಿಜ್ಯ ಪದವೀಧರನಿಗೆ ಇದು ಒಪ್ಪುವ ಮಾತು. ಲಾರಿ ಮಾಲೀಕರ ಸಾಲದ ಅರ್ಜಿಗಳನ್ನು ಪರಿಶೀಲಿಸುವಾಗ ನಾವೂ ಮಾಡುವುದು ಬಹುಮಟ್ಟಿಗೆ ಇದನ್ನೇ: ಸ್ಥಿರ ವೆಚ್ಚ ಎಷ್ಟು, ಚರ ವೆಚ್ಚ ಎಷ್ಟು, ಕಂತು ಕಟ್ಟಿದ ಮೇಲೆ ಮನುಷ್ಯ ಬದುಕುವಷ್ಟು ಉಳಿಯುತ್ತದೆಯೇ?

ಏಳು ಕಾರು ಹಿಡಿಸುವ ಟ್ರೇಲರ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾನು ಹಿಡಿದವು. ವಾಚಕರು ತಮ್ಮ ಕಾಲದ ಡೀಸೆಲ್ ಬೆಲೆ ಹಾಕಿ ತಿದ್ದಿಕೊಳ್ಳಬಹುದು. ಹೋಗಿ ಬರುವ ದೂರ 1,700 ಕಿಲೋಮೀಟರ್. ಲೀಟರಿಗೆ 4 ಕಿಲೋಮೀಟರಿನಂತೆ 425 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿಯೆಂದರೆ 38,250. ಟೋಲ್ ಎರಡೂ ಕಡೆಗೆ ಸೇರಿ 12,000. ಟಯರು, ಎಣ್ಣೆ, ದುರಸ್ತಿಗೆ ಕಿಲೋಮೀಟರಿಗೆ 5 ರೂಪಾಯಿಯಂತೆ 8,500. ಕಾರು ಏರಿಸಲು, ಇಳಿಸಲು ಎರಡು ದಿನ, ಹೋಗಲು ಎರಡು, ಬರಲು ಎರಡು, ಒಟ್ಟು ಆರು ದಿನ. ಚಾಲಕ ಮತ್ತು ಕ್ಲೀನರ್ ಇಬ್ಬರಿಗೂ ಸಂಬಳ, ಭತ್ಯೆ ಸೇರಿ ದಿನಕ್ಕೆ 1,500ರಂತೆ 9,000. ಸಾಲದ ಕಂತು, ವಿಮೆ, ತೆರಿಗೆ, ಪರ್ಮಿಟ್ಟುಗಳಿಗೆ ತಿಂಗಳಿಗೆ 90,000, ಅಂದರೆ ಆರು ದಿನಕ್ಕೆ 18,000. ಒಟ್ಟು 85,750. ಮಾಲೀಕನಿಗೆ ಶೇಕಡಾ 10 ಲಾಭ ಬೇಡವೇ? ಕೂಡಿಸಿದರೆ 94,325 ರೂಪಾಯಿ.

ಹೋಗುವಾಗ ಏಳು, ಬರುವಾಗ ಏಳು ಕಾರು ದೊರೆತರೆ ತಲಾ ಸುಮಾರು 6,740 ರೂಪಾಯಿ ಬೀಳುತ್ತದೆ. ಎರಡೂ ಕಡೆ ನಾಲ್ಕು ನಾಲ್ಕೇ ದೊರೆತರೆ 11,790. ಬರುವಾಗ ಖಾಲಿ ಓಟವಾದರೆ ಹೋದ ಏಳು ಕಾರುಗಳೇ ಪೂರ್ತಿ ಹೊರೆ ಹೊರಬೇಕು, ತಲಾ 13,475. ನೋಡಿ, ಒಂಬತ್ತು ಹೇಳಿದವನೂ ಹದಿನಾಲ್ಕು ಹೇಳಿದವನೂ ಇಬ್ಬರೂ ಪ್ರಾಮಾಣಿಕರಾಗಿರಬಹುದು! ವ್ಯತ್ಯಾಸವೆಲ್ಲ ಹಿಂದಿರುಗುವಾಗಿನ ಖಾಲಿ ಜಾಗದಲ್ಲಿದೆ. ಚಾಕಣದ ಕಾರ್ಖಾನೆಗಳಿಂದ ಹೊಸ ಕಾರುಗಳು ದಕ್ಷಿಣಕ್ಕೆ ಹೋಗುತ್ತವೆ, ಬಿಡದಿಯಿಂದ ಉತ್ತರಕ್ಕೆ ಬರುತ್ತವೆ. ಹೀಗಾಗಿ ಈ ಹೆದ್ದಾರಿಯಲ್ಲಿ ಮರುಸರಕು ಸಿಗುವ ಸಂಭವ ಬೇರೆ ಅನೇಕ ದಾರಿಗಳಿಗಿಂತ ಹೆಚ್ಚು. "ನಾಳೆಯೇ ಬೇಕು" ಎನ್ನುವವನು ಖಾಲಿ ಜಾಗದ ಬೆಲೆ ತೆರಬೇಕಾಗುತ್ತದೆ. "ವಾರದೊಳಗೆ ಸಾಕು" ಎನ್ನುವವನಿಗೆ ಇಳಿಸಿ ಕೊಡುವುದು ಮಾಲೀಕನಿಗೂ ಲಾಭವೇ. ಚೌಕಾಶಿ ಮಾಡುವುದಾದರೆ ದಿನಗಳ ವಿಷಯದಲ್ಲಿ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಇನ್ನು ಒಂದೇ ಕಾರನ್ನು ಚಪ್ಪಟೆ ಲಾರಿಯ ಮೇಲೆ ಒಯ್ಯುವುದಾದರೆ, ಇದೇ ಕ್ರಮದಲ್ಲಿ ಎಣಿಸಿದಾಗ ಹೋಗಿ ಬರುವ ಖರ್ಚು ನಲವತ್ತು ಸಾವಿರ ದಾಟುತ್ತದೆ. ಹಳೆಯ ಕಾರಿಗೆ ಅದು ಆಗದ ಮಾತು.

ಹಾಗಾದರೆ ನಾಲ್ಕೂವರೆ ಸಾವಿರದವನು? ಆ ದರದಲ್ಲಿ ಹದಿನಾಲ್ಕು ಕಾರು ಸಾಗಿಸಿದರೂ ಕೈಸೇರುವುದು 63,000. ಕಂತು, ವಿಮೆ ಬಿಟ್ಟು ಬರೀ ಓಟದ ಖರ್ಚೂ ಸಂಬಳವೂ ಸೇರಿ 67,750 ಆಗುತ್ತದೆ. ಅಂದಮೇಲೆ ಹಣ ಎಲ್ಲಿಂದಲೋ ಬರಲೇಬೇಕು. ಒಂದು ದಾರಿ ನಮ್ಮ ಅನೇಕ ಬಂಧುಗಳಿಗೆ ಅನುಭವಸಿದ್ಧ: ಕಾರು ಗೋದಾಮು ಸೇರಿದ ಮೇಲೆ "ಇನ್ನು ಐದು ಸಾವಿರ ಹಾಕಿ, ಇಲ್ಲವಾದರೆ ಗಾಡಿ ಇಲ್ಲೇ" ಎಂಬ ದೂರವಾಣಿ ಕರೆ. ಇನ್ನೊಂದು, ಟ್ರೇಲರೇ ಇಲ್ಲದೆ ಯಾರೋ ಚಾಲಕನ ಕೈಗೆ ಕಾರನ್ನು ಕೊಟ್ಟು ರಸ್ತೆಯ ಮೇಲೇ ಓಡಿಸಿಬಿಡುವುದು. ಮೂರನೆಯದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆರೋಗ್ಯಕ್ಕೆ ಇಷ್ಟು ಪುಟಗಳನ್ನು ಮೀಸಲಿಟ್ಟ ಈ ಸಂಚಿಕೆಯಲ್ಲಿ ಅದನ್ನು ಹೇಳುವುದು ಉಚಿತ. ಅದು ಚಾಲಕನ ನಿದ್ರೆ.

ಗಂಟೆಗೆ ಸರಾಸರಿ 42 ಕಿಲೋಮೀಟರಿನಂತೆ ಬೆಂಗಳೂರು ಇಪ್ಪತ್ತು ಗಂಟೆಗಳ ದಾರಿ. ದಿನಕ್ಕೆ ಹತ್ತು ಗಂಟೆ ಓಡಿಸಿ ರಾತ್ರಿ ಮಲಗಿದರೆ ಎರಡು ದಿನ. ಮಲಗದೆ ಖಂಬಾಟ್ಕಿ ಘಾಟು, ಕೊಲ್ಹಾಪುರ, ನಿಪ್ಪಾಣಿ, ಹುಬ್ಬಳ್ಳಿ, ಚಿತ್ರದುರ್ಗಗಳನ್ನು ಒಂದೇ ಉಸಿರಿಗೆ ದಾಟಿದರೆ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಉಳಿಯುತ್ತದೆ. ಎರಡು ದಿನದ ಕಂತಿನ ಬಾಬ್ತು 6,000, ಸಂಬಳ 3,000, ಒಟ್ಟು 9,000. ಹದಿನಾಲ್ಕು ಕಾರುಗಳಿಗೆ ಹಂಚಿದರೆ ಕಾರೊಂದಕ್ಕೆ ಸುಮಾರು 640 ರೂಪಾಯಿ. ನಾವು ಚೌಕಾಶಿ ಮಾಡಿ ಕಡಿಸುವ ಮೊತ್ತ ಅನೇಕ ವೇಳೆ ಇದಕ್ಕಿಂತ ದೊಡ್ಡದು.

ಹದಿನೇಳು ಗಂಟೆ ಎಚ್ಚರವಿದ್ದ ಮನುಷ್ಯನ ಕೈಕಣ್ಣುಗಳ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಂಶೋಧನೆಯೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲಕನಿಗಿರುವ ಮಿತಿ ಶೇಕಡಾ 0.03. ಅಂದರೆ ಒಂದು ತೊಟ್ಟು ಕುಡಿಯದಿದ್ದರೂ ಆತ ಕುಡಿದವನಂತೆಯೇ. ಅದರಲ್ಲಿಯೂ ನಡುರಾತ್ರಿ ಕಳೆದು ಬೆಳಗಿನ ಜಾವದವರೆಗೆ ದೇಹ ತಾನಾಗಿಯೇ ನಿದ್ರೆಯತ್ತ ವಾಲುತ್ತದೆ. ಚಹಾ, ತಂಬಾಕುಗಳು ಅದನ್ನು ಮುಂದೂಡಬಲ್ಲವೇ ಹೊರತು ತೀರಿಸಲಾರವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ಸಾಮಾನ್ಯ ಮಿತಿಯಾಗಿ ವಿಧಿಸಿತ್ತು. ಹೆದ್ದಾರಿಯಲ್ಲಿ ಅದನ್ನು ಎಣಿಸುವವರು ಯಾರು?

ಡೀಸೆಲಿನಲ್ಲೂ ಇದೇ ಕಥೆ. 2022ರ ನವೆಂಬರ್ 20ರ ರಾತ್ರಿ, ಪುಣೆಯ ನವಲೆ ಸೇತುವೆಯ ಬಳಿ, ಇದೇ ಹೆದ್ದಾರಿಯ ಇಳಿಜಾರಿನಲ್ಲಿ, ಸರಕು ವಾಹನವೊಂದು ಹತಾರು ವಾಹನಗಳಿಗೆ ಡಿಕ್ಕಿ ಹೊಡೆದದ್ದು ವಾಚಕರ ನೆನಪಿನಲ್ಲಿರಬಹುದು. ಇಂಧನ ಉಳಿಸಲೆಂದು ಇಂಜಿನ್ ಆರಿಸಿ ವಾಹನವನ್ನು ಇಳಿಸಿದ್ದೇ ಕಾರಣವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಇಳಿಜಾರಿನಲ್ಲಿ ನಿತ್ಯ ಓಡಾಡುವವರು ನಾವು, ನಮ್ಮ ಮಕ್ಕಳು.

ನಮ್ಮ ಯೆರವಡಾಕ್ಕೆ ಈ ವಿಷಯದಲ್ಲಿ ಒಂದು ಸಂಬಂಧವುಂಟು. ಗಾಂಧೀಜಿ ಇಲ್ಲಿಯ ಸೆರೆಮನೆಯಲ್ಲಿದ್ದಾಗ ರೂಪಗೊಂಡ ಪೆಟ್ಟಿಗೆ ಚರಖಾಕ್ಕೆ ಈ ಊರಿನ ಹೆಸರೇ ಉಳಿಯಿತು. ನೂಲುವವರಿಗೆ ಬದುಕುವಷ್ಟು ಕೂಲಿ ದೊರೆಯಲೇಬೇಕು, ಅದರಿಂದ ಖಾದಿಯ ಬೆಲೆ ಏರಿದರೂ ಏರಲಿ ಎಂಬ ನಿಲುವನ್ನು ಅವರು 1935ರಲ್ಲಿ ಅಖಿಲ ಭಾರತ ಚರಖಾ ಸಂಘದ ಮುಂದಿಟ್ಟರು. ಅಗ್ಗದ ಬಟ್ಟೆಯನ್ನು ಬಯಸುವ ಕೊಳ್ಳುವವರು ಆಗಲೂ ಗೊಣಗಿರಲೇಬೇಕು! ಇರಲಿ.

ಅಗ್ಗದ ಬಾಡಿಗೆಯಿಂದ ನೇರವಾಗಿ ನಮಗೇ ಆಗುವ ನಷ್ಟವೊಂದಿದೆ; ಇದು ಬಹಳ ಜನರಿಗೆ ತಿಳಿಯದು. 1865ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರಡಿಯ 2011ರ ನಿಯಮಗಳ ಪ್ರಕಾರ, ಸಾಗಣೆಯಲ್ಲಿ ಸರಕಿಗೆ ಹಾನಿಯಾದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತರಷ್ಟಕ್ಕೆ ಸೀಮಿತ. ನಾಲ್ಕೂವರೆ ಸಾವಿರದ ಬಾಡಿಗೆಗೆ ಆರು ಲಕ್ಷದ ಕಾರನ್ನು ಒಪ್ಪಿಸಿದರೆ ಕಾನೂನು ಕೊಡಿಸುವುದು ನಲವತ್ತೈದು ಸಾವಿರ! ಹೆಚ್ಚಿನ ಹೊಣೆ ಬೇಕಾದರೆ ಕಾರಿನ ಬೆಲೆಯನ್ನು ಬರವಣಿಗೆಯಲ್ಲಿ ತಿಳಿಸಿ, ಅದಕ್ಕೆ ತಕ್ಕ ಹೆಚ್ಚಿನ ದರ ಕೊಡಲು ಒಪ್ಪಿರಬೇಕು. ಇಲ್ಲವೇ ಪ್ರತ್ಯೇಕ ಸಾಗಣೆ ವಿಮೆ ಮಾಡಿಸಬೇಕು. ನ್ಯಾಯಾಲಯಕ್ಕೆ ಹೋಗುವ ಪ್ರಸಂಗ ಬಂದರೆ, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಲಿಖಿತ ನೋಟೀಸು ಹೋಗಿರಬೇಕು.

ಆದುದರಿಂದ ದರ ಕೇಳುವಾಗ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಟ್ರೇಲರ್ ನಿಮ್ಮದೋ, ನೀವು ದಲ್ಲಾಳಿಯೋ? ಮನೆಯಿಂದ ಗೋದಾಮಿಗೆ ಕಾರನ್ನು ಒಯ್ಯುವ ಖರ್ಚು ಸೇರಿದೆಯೇ? ಎಷ್ಟು ದಿನ? "ನಾಳೆ ರಾತ್ರಿ ಹೊರಟು ನಾಡಿದ್ದು ಸಂಜೆಯೊಳಗೆ ಬೆಂಗಳೂರು" ಎಂದು ಹೆಮ್ಮೆಯಿಂದ ಹೇಳುವವನಿಗೆ ನಾನಂತೂ ಕಾರು ಕೊಡಲಾರೆ. ಸಾಗಣೆಯ ರಸೀದಿ, ಅಂದರೆ ಬಿಲ್ಟಿ, ನಮ್ಮ ಹೆಸರಿನಲ್ಲಿರಲಿ. ಅದರ ಮೇಲೆ ಕಾರಿನ ಬೆಲೆ, ಓಡಿದ ಕಿಲೋಮೀಟರುಗಳ ಅಂಕಿ, ಮೊದಲೇ ಇದ್ದ ಗೀರುಗಳು ದಾಖಲಾಗಲಿ. ಪೂರ್ತಿ ಹಣ ಮುಂಗಡ ಕೊಡುವುದು ಬೇಡ. ಕಾರು ತಲಪಿದಾಗ ಕಿಲೋಮೀಟರಿನ ಅಂಕಿ ಹತ್ತಿಪ್ಪತ್ತು ಏರಿದ್ದರೆ ಗೋದಾಮಿನ ಓಡಾಟ. ಎಂಟುನೂರು ಏರಿದ್ದರೆ ಟ್ರೇಲರ್ ಹತ್ತಲೇ ಇಲ್ಲವೆಂದು ತಿಳಿಯಬಹುದು.

ಬರೀ ಸ್ಕೂಟರು, ಮೋಟಾರುಬೈಕು ಇರುವ ತರುಣರಿಗೆ ಇಷ್ಟೆಲ್ಲ ಗಣಿತ ಬೇಕಿಲ್ಲ. ಪುಣೆ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ತೂಕ, ದೂರಗಳ ಮೇಲೆ ನಿಗದಿಯಾದ ದರವಿದೆ. ಚೌಕಾಶಿಯ ಪ್ರಶ್ನೆಯೇ ಇಲ್ಲ. ನೋಂದಣಿ ಪತ್ರದ ಪ್ರತಿ ಒಯ್ಯಬೇಕು, ಗೋಣಿತಾಟು ಸುತ್ತಿಸಬೇಕು, ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬಸಿದಿರಬೇಕು.