ಊರಿನ ತಮ್ಮನಿಗೆ ದುಡ್ಡು ಕಳಿಸುವ ಮೊದಲು: ಉಜಿರೆಯ ರುಡ್‌ಸೆಟ್ ಬಗ್ಗೆ ಒಂದಿಷ್ಟು



"ಅಣ್ಣಾ, ಒಂದು ಅಂಗಡಿ ಹಾಕ್ಬೇಕೂಂತ ಇದ್ದೇನೆ, ಸ್ವಲ್ಪ ಸಹಾಯ ಆಗ್ತದಾ?" ಊರಿನಿಂದ ಬರುವ ಈ ಫೋನು ಗಲ್ಫ್‌ನಲ್ಲಿರುವ ನಮಗೆಲ್ಲ ಪರಿಚಿತ. ಕೇಳುವವನು ಚಿಕ್ಕಪ್ಪನ ಮಗನೋ ಭಾವಮೈದುನನೋ ಆಗಿರುತ್ತಾನೆ. ಇಲ್ಲ ಎನ್ನಲಾಗದೆ ಕಳಿಸುತ್ತೇವೆ. ಆರು ತಿಂಗಳಲ್ಲಿ ಅಂಗಡಿ ಮುಚ್ಚಿದರೆ ದುಡ್ಡಿನ ಜೊತೆ ಸಂಬಂಧವೂ ಹಳಸುತ್ತದೆ. ದುಡ್ಡಿಗಿಂತ ಮೊದಲು ತಿಳಿಸಬಹುದಾದ ಒಂದು ಜಾಗ ನಮ್ಮ ದಕ್ಷಿಣ ಕನ್ನಡದಲ್ಲೇ ಇದೆ.

ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎಸ್‌ಡಿಎಂ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಆರಂಭಿಸಿದವು. ಗ್ರಾಮೀಣಾಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ ಎಂದು ಪೂರ್ತಿ ಹೆಸರು. (2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ವಿಲೀನವಾಯಿತು. ಉಡುಪಿಯ ಪಿಗ್ಮಿ ಡೆಪಾಸಿಟ್ ನೆನಪಿರುವವರಿಗೆ ಅದು ಇಂದಿಗೂ ಬೇಸರವೇ.)

ಹೊಲಿಗೆ, ಮೋಟಾರ್ ರಿವೈಂಡಿಂಗ್ ಕಲಿಸುವ ಜಾಗಗಳು ಮೊದಲೂ ಇದ್ದವು. ಇಲ್ಲಿ ಬದಲಾದದ್ದು ಪಠ್ಯಕ್ರಮ. ಕೈಕೆಲಸ ಬಂದ ಮಾತ್ರಕ್ಕೆ ವ್ಯಾಪಾರ ಬರುವುದಿಲ್ಲ. ಗಿರಾಕಿಯ ಜೊತೆ ಮಾತು, ಲೆಕ್ಕ, ಸಾಲದ ಕಂತು, ನಷ್ಟವಾದಾಗ ಎದೆಗುಂದದೆ ನಿಲ್ಲುವುದು, ಇವನ್ನೂ ಪಾಠವಾಗಿಯೇ ಕಲಿಸಬೇಕು ಎಂದು ಇವರು ಹೊರಟರು.

ಬೆಳೆದ ಮನುಷ್ಯನ ಸ್ವಭಾವವನ್ನು ಪಾಠದಿಂದ ಬದಲಿಸಲು ಆಗುತ್ತದೆಯೇ? ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ತರಬೇತಿ ಪಡೆದವರು ಮುಂದೆ ಇತರರಿಗಿಂತ ಚುರುಕಾಗಿ ವ್ಯಾಪಾರ ಬೆಳೆಸಿದರು. ಭಾರತದ ಉದ್ಯಮಶೀಲತಾ ತರಬೇತಿಗಳ ಮೇಲೆ ಈ ಪ್ರಯೋಗದ ಪ್ರಭಾವ ದೊಡ್ಡದು.

ಅವರ ವಿಚಾರದಿಂದ ಬಂದ ರಿಂಗ್ ಎಸೆಯುವ ಆಟ ನೋಡಿ. ನೆಟ್ಟ ಗೂಟಕ್ಕೆ ಬಳೆಯಂಥ ರಿಂಗನ್ನು ಎಸೆಯಬೇಕು, ಎಷ್ಟು ದೂರದಿಂದ ಎಂಬುದು ನಿಮ್ಮದೇ ಆಯ್ಕೆ. ಗೂಟದ ಬುಡದಲ್ಲೇ ನಿಂತರೆ ಗೆಲುವು ಖಚಿತ, ಆದರೆ ಅಂಕ ಕಡಿಮೆ. ತೀರಾ ದೂರ ನಿಂತರೆ ಅದು ಜೂಜು. ಎಸೆಯುತ್ತಾ ಎಸೆಯುತ್ತಾ ತನ್ನ ಕೈಗೆ ಎಟಕುವ, ಆದರೆ ಶ್ರಮ ಬೇಡುವ ಜಾಗವನ್ನು ಹುಡುಕಿಕೊಳ್ಳುವವನೇ ಉದ್ಯಮಕ್ಕೆ ತಕ್ಕವನು. ಎಂಟು ಲಕ್ಷ ಸಾಲ ಮಾಡಿ ಮೊದಲ ದಿನವೇ ಎಸಿ ಅಂಗಡಿ ತೆರೆಯುವ ನಮ್ಮ ತಮ್ಮಂದಿರು ಎಲ್ಲಿ ನಿಲ್ಲುತ್ತಾರೆ ಎಂದು ನಾವೇ ಊಹಿಸಬಹುದು!

ತರಬೇತಿ ನಡೆಯುವುದು ಅಲ್ಲೇ ಉಳಿದುಕೊಂಡು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಬೆಳಿಗ್ಗೆ ಪ್ರತಿಯೊಬ್ಬರೂ ಎದ್ದು ನಿಂತು ನಿನ್ನೆ ಕಲಿತ ಮುಖ್ಯ ಪಾಠವನ್ನು ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡದವರಿಗೆ ಇದೇ ದೊಡ್ಡ ಪಾಠ ಎಂದು ನಮಗನ್ನಿಸುತ್ತದೆ. ಮಾರುಕಟ್ಟೆ ಸಮೀಕ್ಷೆಗೆ ಪೇಟೆಗೂ ಹೋಗಬೇಕು, ಯೋಜನಾ ವರದಿಯನ್ನೂ ತಾವೇ ಬರೆಯಬೇಕು.

ಕಲಿಸುವ ಕಸುಬುಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ರೇಡಿಯೋ, ಟಿವಿ ರಿಪೇರಿಯ ಜಾಗಕ್ಕೆ ಮೊಬೈಲ್ ರಿಪೇರಿ, ಸಿಸಿಟಿವಿ ಅಳವಡಿಕೆ ಬಂದಿವೆ. ಹೈನುಗಾರಿಕೆ, ಜೇನು ಸಾಕಣೆ ಹಾಗೆಯೇ ಉಳಿದಿವೆ. ಒಂದು ಆತಂಕವನ್ನೂ ಹೇಳಬೇಕು. ಒಂದೇ ಊರಿನ ಮೂವತ್ತು ಹೆಂಗಸರು ಹೊಲಿಗೆ ಕಲಿತರೆ ರವಿಕೆ ಹೊಲಿಸುವವರು ಯಾರು? ಕಸುಬನ್ನು ಆಯ್ದುಕೊಳ್ಳುವಾಗ ಊರಿನ ಅಗತ್ಯ ನೋಡದಿದ್ದರೆ ಎಷ್ಟು ಒಳ್ಳೆಯ ಪಾಠವೂ ಪ್ರಯೋಜನಕ್ಕೆ ಬಾರದು.

ಈ ಮಾದರಿಯನ್ನು ಕೇಂದ್ರ ಸರ್ಕಾರ 2009ರಿಂದ ದೇಶಕ್ಕೆಲ್ಲ ವಿಸ್ತರಿಸಿತು. ಆರ್‌ಸೆಟಿ ಎಂಬ ಹೆಸರಿನಲ್ಲಿ ಜಿಲ್ಲೆಗೊಂದು ಕೇಂದ್ರ ಎಂಬುದು ಯೋಜನೆ, ಅದನ್ನು ನಡೆಸುವ ಹೊಣೆ ಬ್ಯಾಂಕುಗಳದ್ದು. ಕಲಿಯುವವರಲ್ಲಿ ಶೇ. 70ರಷ್ಟಾದರೂ ಹಳ್ಳಿಯ ಬಡ ಕುಟುಂಬದವರಿರಬೇಕು ಎಂಬ ನಿಯಮವಿತ್ತು. ಸರ್ಟಿಫಿಕೇಟ್ ಕೈಗಿತ್ತು ಕಳಿಸಿಬಿಡುವುದಿಲ್ಲ. ಸುಮಾರು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಹಾಗೆಂದು ಸಾಲ ಸಿಕ್ಕೇ ಸಿಗುತ್ತದೆ ಎಂದಲ್ಲ. ಅದನ್ನು ತೀರ್ಮಾನಿಸುವುದು ಬ್ಯಾಂಕೇ.

ಹದಿನೆಂಟು ತುಂಬಿದ, ನಿಜಕ್ಕೂ ಸ್ವಂತ ಕೆಲಸ ಮಾಡಬೇಕೆಂಬ ಮನಸ್ಸಿರುವ ಬಂಧುಗಳು ಊರಲ್ಲಿದ್ದರೆ ತಮ್ಮ ಜಿಲ್ಲೆಯ ಆರ್‌ಸೆಟಿಗೋ ಹತ್ತಿರದ ರುಡ್‌ಸೆಟ್‌ಗೋ ಹೋಗಿ ವಿಚಾರಿಸಲಿ. ವಿಳಾಸ ಗೊತ್ತಿಲ್ಲದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಬಹುದು. ಇಲ್ಲಿನ ಕೆಲಸ ಮುಗಿಸಿ ಊರಿಗೆ ಮರಳಲು ಯೋಚಿಸುತ್ತಿರುವ ನಮ್ಮವರೂ, ಉಳಿತಾಯದ ಹಣವನ್ನು ಹೊಸ ವ್ಯಾಪಾರಕ್ಕೆ ಸುರಿಯುವ ಮೊದಲು, ಅಲ್ಲಿ ತಮಗೆ ಅವಕಾಶವಿದೆಯೇ, ವಯಸ್ಸಿನ ಮಿತಿ ಏನು ಎಂದು ಕೇಳಿ ನೋಡಲಿ.